1000/6000 ಸಾಣೆಕಲ್ಲು: ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ನಕ್ಷತ್ರ. ನಾನು ಕಡಿತ ಮಾಡಿದ ಒಂದೂವರೆ ಪೂರ್ತಿ 6000ದ ಮುಖಕ್ಕೆ ಸೇರಿದ್ದು.

ಇದು ನೀರಿನಲ್ಲಿ ನೆನೆಸಿ ಬಳಸುವ, ಎರಡು ಮುಖ ಅಂಟಿಸಿದ ಕಲ್ಲು. ಅಂಕಿ ಹೆಚ್ಚಿದಷ್ಟೂ ಕಣ ನಯ: 1000 ಒರಟು ಮುಖ, 6000 ನುಣುಪು ಮುಖ. ಅಡುಗೆಮನೆಯ ಮಾಮೂಲಿ ಸ್ಟೇನ್‌ಲೆಸ್ ಚಾಕುವಿಗೆ 1000ದ ಮುಖವೇ ಸಾಕು. ಆ ಉಕ್ಕು ಮೆದು. 6000ದಲ್ಲಿ ಮಸೆದರೆ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ನಾಲ್ಕು ದಿನ ಕಳೆದರೆ ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗುತ್ತದೆ. 1000ದ ಅಂಚಿನಲ್ಲಿ ಕಣ್ಣಿಗೆ ಕಾಣದ ಹಲ್ಲುಗಳು ಉಳಿದಿರುತ್ತವೆ, ಸಿಪ್ಪೆಯನ್ನು ಹಿಡಿಯುವುದು ಅವೇ. 60 ಎಚ್‌ಆರ್‌ಸಿ (ಉಕ್ಕಿನ ಗಡಸುತನದ ಅಳತೆ) ದಾಟಿದ ಗಟ್ಟಿ ಉಕ್ಕಿನ ಜಪಾನಿ ಚಾಕು ಇದ್ದವರಿಗೆ 6000 ಬೇಕು. ಉಳಿದವರು 400/1000 ಜೋಡಿ ಕೊಳ್ಳಿ. ತೆಂಗಿನಕಾಯಿಗೆ ಬಡಿದು ಮುಕ್ಕಾದ ಅಲಗನ್ನು 1000ದಲ್ಲೇ ಸರಿಮಾಡಲು ಕೂತರೆ ಅರ್ಧ ಗಂಟೆ ಸಾಲದು. 400ರಲ್ಲಿ ಅದು ಬೇಗ ಮುಗಿಯುವ ಕೆಲಸ.

1000ದ ಮುಖ ಬಳಸುವ ಮುನ್ನ ಕಲ್ಲನ್ನು ನೀರಲ್ಲಿ ಹಾಕಿ ಗುಳ್ಳೆ ನಿಲ್ಲುವವರೆಗೆ, ಅಂದರೆ ಹತ್ತು ಹದಿನೈದು ನಿಮಿಷ, ಬಿಡಿ. 6000ದ ಕಡೆಗೆ ಮೇಲೆ ನೀರು ಚಿಮುಕಿಸಿದರೆ ಸಾಕು. ಕಲ್ಲಿನಡಿ ಒದ್ದೆ ಬಟ್ಟೆ ಹಾಸಿ, ಜೊತೆಗೆ ಕೊಡುವ ರಬ್ಬರ್ ಸ್ಟ್ಯಾಂಡು ಜಾರುತ್ತದೆ.

ಎಲ್ಲರೂ ಸೋಲುವುದು ಕೋನದಲ್ಲಿ. ಒಂದು ಬದಿಗೆ 20 ಡಿಗ್ರಿ ಬೇಕೆಂದರೆ ಚಾಕುವಿನ ಬೆನ್ನು ಕಲ್ಲಿನಿಂದ ಎಷ್ಟು ಮೇಲಿರಬೇಕು? ಅಲಗಿನ ಅಗಲದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. 45 ಮಿ.ಮೀ. ಅಗಲದ ಚಾಕುವಿಗೆ ಸುಮಾರು 15 ಮಿ.ಮೀ., 20 ಮಿ.ಮೀ.ನ ಸಣ್ಣ ಚಾಕುವಿಗೆ 7 ಮಿ.ಮೀ. ಅಂಚಿಗೆ ಮಾರ್ಕರ್ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಮಸಿ ತುದಿಯಲ್ಲೇ ಉಳಿದರೆ ಬೆನ್ನು ತೀರಾ ತಗ್ಗಿದೆ, ತುದಿಯಲ್ಲಿ ಮಾತ್ರ ಹೋಗಿದ್ದರೆ ತೀರಾ ಎದ್ದಿದೆ.

ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಎದುರು ಬದಿಯಲ್ಲಿ ಬೆರಳಿಗೆ ತರಚುವ ಎಳೆ, ಅಂದರೆ ಬರ್, ಬುಡದಿಂದ ತುದಿಯವರೆಗೂ ಸಿಕ್ಕ ಮೇಲೆ ತಿರುಗಿಸಿ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಸವರಬೇಕು, ಅಂಚಿನುದ್ದಕ್ಕೆ ಅಲ್ಲ. ಮೇಲೇಳುವ ಬೂದು ಕೆಸರನ್ನು ತೊಳೆಯಬೇಡಿ, ಮಸೆಯುವ ಕೆಲಸದಲ್ಲಿ ಅದರದ್ದೂ ಪಾಲಿದೆ. ಕೊನೆಯಲ್ಲಿ ಕೈ ಹಗುರ ಮಾಡಿ, ಬದಿಗೊಂದರಂತೆ ಬದಲಿಸುತ್ತಾ ಏಳೆಂಟು ಎಳೆತ. "ಮಸೆದ ದಿನ ಭರ್ಜರಿ, ಮರುದಿನ ಮೊಂಡು" ಎಂಬ ದೂರಿಗೆ ಬಹುತೇಕ ಕಾರಣ ಈ ಬರ್ ತೆಗೆಯದಿರುವುದು. ಮೊದಲ ದಿನ ಕೊಯ್ದದ್ದು ಆ ಎಳೆ. ಅದು ಮಡಚಿತು, ಹರಿತ ಹೋಯಿತು. ಪರೀಕ್ಷೆಗೆ ಹಳೆ ದಿನಪತ್ರಿಕೆಯ ಹಾಳೆ ಸಾಕು: ಎಲ್ಲಿ ಸಿಕ್ಕಿ ಹರಿಯುತ್ತದೋ ಅಲ್ಲಿ ಬರ್ ಅಥವಾ ಮೊಂಡು ಉಳಿದಿದೆ.

ಇಂಥ ಕಲ್ಲುಗಳ ದೊಡ್ಡ ದೋಷ, ಸವೆತ. ನಡುವೆ ಬೇಗ ತಗ್ಗು ಬೀಳುತ್ತದೆ, ಆಮೇಲೆ ಕೋನ ಕೈಗೆ ಸಿಗುವುದಿಲ್ಲ. ಮೇಲೆ ಪೆನ್ಸಿಲ್ಲಿನಲ್ಲಿ ಚೌಕುಳಿ ಗೆರೆ ಎಳೆದು, ಸಮತಟ್ಟಾದ ಗಾಜಿನ ಮೇಲೆ 220ರ ವಾಟರ್ ಪೇಪರ್ ಹಾಸಿ, ನೀರು ಹಾಕಿ ಉಜ್ಜಿ. ಗೆರೆಯೆಲ್ಲ ಅಳಿದರೆ ಕಲ್ಲು ಮಟ್ಟವಾಯಿತು. ನಾಲ್ಕೈದು ಸಲ ಮಸೆದ ಮೇಲೆ ಒಮ್ಮೆ ಈ ಕೆಲಸ ಇದ್ದೇ ಇದೆ. ಒಣಗಿಸುವುದು ನೆರಳಲ್ಲಿ, ಬಿಸಿಲಿಗಿಟ್ಟರೆ ಬಿರುಕು ಬಿಡಬಹುದು. ಸದಾ ನೀರಲ್ಲೇ ಮುಳುಗಿಸಿಟ್ಟರೆ ಎರಡು ಮುಖಗಳ ಅಂಟು ಬಿಡಬಹುದು. ಎಣ್ಣೆಯಂತೂ ಸೋಕಿಸಲೇಬೇಡಿ.

ಇದರ ಬದಲು ಎಳೆದು ಹರಿತ ಮಾಡುವ ವಿ-ಆಕಾರದ ಸಾಧನ ಸಾಲದೇ? ಅದು ಮಸೆಯುವುದಿಲ್ಲ, ಲೋಹವನ್ನು ಹೆರೆಯುತ್ತದೆ. ಚಾಕು ಬೇಗ ಸೊರಗುತ್ತದೆ. ಬೀದಿಯ ಸಾಣೆ ಚಕ್ರ ಅಲಗಿನ ಅಂಚನ್ನು ನೀಲಿಗಟ್ಟಿಸಿದರೆ ಆ ಜಾಗದ ಹದ ಹೋಯಿತೆಂದೇ ಅರ್ಥ, ಆ ಭಾಗ ಪೂರ್ತಿ ಸವೆದುಹೋಗುವವರೆಗೆ ಎಷ್ಟು ಮಸೆದರೂ ಹರಿತ ನಿಲ್ಲದು. ಬಾಗಿದ ಅಂಚನ್ನು ನೇರ ಮಾಡುವ ಉಕ್ಕಿನ ಸರಳು ಮಾತ್ರ ಜೊತೆಗಿರಲಿ: ವಾರಕ್ಕೊಮ್ಮೆ ಹಗುರಾಗಿ ನಾಲ್ಕು ಎಳೆತ, ಆಗ ಕಲ್ಲು ಎರಡು ಮೂರು ತಿಂಗಳಿಗೊಮ್ಮೆ ಸಾಕು. ಕಡಪ ಕಲ್ಲಿನ ಕಟ್ಟೆಯ ಮೇಲೆ ಹೆಚ್ಚುವವರಿಗೆ ಈ ಲೆಕ್ಕ ಅನ್ವಯಿಸದು.

ಈಳಿಗೆ ಮಣೆಗೆ ಈ ಕಲ್ಲು ಬೇಡ. ಬಾಗಿದ ಅಲಗು ಚಪ್ಪಟೆ ಮುಖಕ್ಕೆ ಕೂರುವುದಿಲ್ಲ, ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಆಡಿಸಬೇಕು. ಅದಕ್ಕೆ ಕುಡುಗೋಲು ಮಸೆಯುವ ದೋಣಿಯಾಕಾರದ ಕಾರ್ಬೊರಂಡಮ್ ಕಲ್ಲೇ ಸರಿ, ಬೆಲೆಯೂ ಕಡಿಮೆ. ಮಸೆದ ಕಬ್ಬಿಣದ ಅಲಗಿಗೆ ಕೂಡಲೇ ಕೊಬ್ಬರಿ ಎಣ್ಣೆ ಸವರಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು.