ಉಪ್ಪುನೀರಿನ ಫ್ಲೈ ಫಿಶಿಂಗ್‌ಗೆ ಐನೂರು ಡಾಲರ್‌ನ ಸಲಕರಣೆ: ಎರಡು ವರ್ಷ ಬಳಸಿದ ಮೇಲೆ

ಆರ್ವಿಸ್ ಕ್ಲಿಯರ್‌ವಾಟರ್ ಸರಣಿಯ 9 ಅಡಿ ಉದ್ದದ 8-ವೇಟ್ ರಾಡ್, ಲ್ಯಾಮ್ಸನ್ ಲಿಕ್ವಿಡ್ ರೀಲ್ ಮತ್ತು ಸೈಂಟಿಫಿಕ್ ಆಂಗ್ಲರ್ಸ್ ಕಂಪನಿಯ ಗ್ರ್ಯಾಂಡ್ ಸ್ಲ್ಯಾಮ್ ಲೈನ್, ಈ ಮೂರನ್ನು ಜೋಡಿಸಿಕೊಂಡು ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ಎರಡು ವರ್ಷ ಮೀನು ಹಿಡಿದಿದ್ದೇನೆ. ಹೆಚ್ಚಿನ ದಿನಗಳಲ್ಲಿ ನಾನು ನಿಂತದ್ದು ಫೋರ್ಟ್ ಡಿ ಸೋಟೊ ಪಾರ್ಕಿನ ಮೊಣಕಾಲುದ್ದದ ನೀರಿನಲ್ಲಿ. ರಾಡ್‌ಗೆ ಸುಮಾರು 250, ರೀಲ್‌ಗೆ ಸುಮಾರು 150, ಲೈನ್‌ಗೆ 90ರ ಆಸುಪಾಸು ಬಿದ್ದಿತು. ಬ್ಯಾಕಿಂಗ್ (ಲೈನ್‌ನ ಹಿಂದೆ ರೀಲ್‌ಗೆ ಸುತ್ತುವ ದಾರ), ಲೀಡರ್ (ಲೈನ್‌ಗೂ ಕೊಕ್ಕೆಗೂ ನಡುವಿನ ದಾರ), ಒಂದಿಷ್ಟು ಫ್ಲೈ ಸೇರಿ ಐನೂರು ಡಾಲರ್‌ನ ಗಡಿಯನ್ನು ತುಸು ದಾಟಿದೆ. ಸಾವಿರ ಡಾಲರ್‌ಗೆ ಬರಿಯ ರಾಡ್ ಒಂದೇ ಮಾರಾಟವಾಗುವ ಈ ಹವ್ಯಾಸದಲ್ಲಿ ಇದನ್ನು ಅಗ್ಗವೆಂದೇ ಕರೆಯುತ್ತಾರೆ. ಮೊದಲ ಸಲ ನಾನು ಹಣವನ್ನು ಎಷ್ಟು ತಪ್ಪಾಗಿ ಖರ್ಚು ಮಾಡಿದ್ದೆ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ನಮ್ಮ ಕರಾವಳಿಯಲ್ಲಿ ಗಾಳ ಎಸೆದು ಬಲ್ಲವರಿಗೆ ಫ್ಲೈ ಫಿಶಿಂಗ್ ಮೊದಲಿಗೆ ತಲೆಕೆಳಗಾಗಿ ಕಾಣುತ್ತದೆ. ಅಳಿವೆಯ ಬಾಯಲ್ಲಿ ನಿಂತು ಎಸೆಯುವ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ತುದಿಯಲ್ಲಿರುವುದು ಗರಿ ಮತ್ತು ರೋಮ ಸುತ್ತಿದ ಕೊಕ್ಕೆ, ಅದೇ ಫ್ಲೈ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ. ತೂಕವಿರುವುದು ಲೈನ್‌ನಲ್ಲಿ. 8-ವೇಟ್ ಎಂಬ ಅಂಕೆಯೂ ಲೈನ್‌ನ ತೂಕದಿಂದಲೇ ಬಂದದ್ದು: ನಿಗದಿಯಾದ ಅಳತೆಯ ಪ್ರಕಾರ ಅದರ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ ತೂಗಬೇಕು. ರಾಡ್ ಬಾಗುವುದು ಈ ತೂಕಕ್ಕೆ, ಫ್ಲೈ ಹಾರುವುದೂ ಇದರಿಂದಲೇ. ಹೀಗಿರುವಾಗ ಹೊಸಬರು ಹಣವನ್ನೆಲ್ಲ ರಾಡ್‌ಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಯಾವುದಾದರೊಂದು ಲೈನ್ ಕೊಳ್ಳುವುದು ಎಂಥ ವಿಪರ್ಯಾಸವೆಂದು ಬೇರೆ ಹೇಳಬೇಕಿಲ್ಲ.

ನಾನು ಮಾಡಿದ್ದು ಅದಕ್ಕಿಂತಲೂ ಸುಲಭವಾದ ತಪ್ಪು. ರಾಡ್, ರೀಲ್, ಲೈನ್, ಚೀಲ, ಡಬ್ಬಿ ತುಂಬ ಫ್ಲೈ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ, ನೂರಿಪ್ಪತ್ತು ಡಾಲರ್‌ನ ಒಂದು ಸೆಟ್ ತರಿಸಿಕೊಂಡೆ. ಪೆಟ್ಟಿಗೆಯ ಮೇಲೆ ಉಪ್ಪುನೀರಿಗೂ ಆಗುತ್ತದೆಂದು ಬರೆದಿತ್ತು. ಮೂರನೆಯ ತಿಂಗಳ ಒಂದು ಬೆಳಿಗ್ಗೆ ರೀಲ್‌ನ ಹಿಡಿ ತಿರುಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿ ಬಿಚ್ಚಿ ನೋಡಿದರೆ, ರೀಲನ್ನು ರಾಡ್‌ಗೆ ಹಿಡಿಸುವ ಪಾದದ ಎರಡು ಸ್ಕ್ರೂಗಳ ಸುತ್ತ ಹಪ್ಪಳದ ಹಿಟ್ಟಿನಂಥ ಬಿಳಿಯ ಪುಡಿ ಕಟ್ಟಿಕೊಂಡಿತ್ತು. ಒಳಗಿನ ಸ್ಪ್ರಿಂಗ್ ಕೆಂಪಗೆ ತುಕ್ಕು ಹಿಡಿದು ಬೆರಳಿಗೆ ಅಂಟಿತು. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದಾಗ ಅಲ್ಯೂಮಿನಿಯಂ ಮೊದಲು ಕರಗತೊಡಗುತ್ತದೆ. ಒಳ್ಳೆಯ ಆನೊಡೈಸ್ ಲೇಪವಿದ್ದರೆ ತಡೆಯುತ್ತದೆ, ಬರಿಯ ಬಣ್ಣ ಬಳಿದಿದ್ದರೆ ತಡೆಯುವುದಿಲ್ಲ. ಸಿಹಿನೀರಿನಲ್ಲಿ ಹತ್ತು ವರ್ಷ ಬಾಳುವ ರೀಲ್ ಇಲ್ಲಿ ಒಂದು ಮಳೆಗಾಲವನ್ನೂ ದಾಟದಿರುವುದಕ್ಕೆ ಕಾರಣ ಇಷ್ಟೇ. ಆ ಸೆಟ್‌ನ ಚೀಲವನ್ನು ಈಗಲೂ ಬಳಸುತ್ತೇನೆ, ಅದು ಚೆನ್ನಾಗಿದೆ.

ಎರಡನೆಯ ಸಲ ಲೈನ್‌ನಿಂದ ಆರಂಭಿಸಿದೆ. ಲೈನ್‌ನ ಒಳಗೆ ಒಂದು ನೂಲು, ಹೊರಗೆ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ. ತಣ್ಣನೆಯ ಹೊಳೆಗಳ ಟ್ರೌಟ್ ಮೀನಿಗಾಗಿ ಮಾಡಿದ ಲೈನ್‌ಗಳ ಲೇಪ ಮೆದು, ಏಕೆಂದರೆ ಚಳಿಯಲ್ಲೂ ಅದು ಸುರುಳಿಗಟ್ಟಬಾರದು. ಅದೇ ಲೈನನ್ನು ಜುಲೈ ತಿಂಗಳ ಫ್ಲೋರಿಡಾದ ಬಿಸಿಲಿಗೆ ತಂದರೆ ಬೆಂದ ಶ್ಯಾವಿಗೆಯಂತೆ ಜೋಲುಬಿದ್ದು ರಾಡ್‌ನ ಉಂಗುರಗಳಿಗೆ ಅಂಟಿಕೊಳ್ಳುತ್ತದೆ. ನಲವತ್ತು ಅಡಿ ಹೋಗಬೇಕಾದದ್ದು ಇಪ್ಪತ್ತೈದಕ್ಕೇ ಕುಸಿಯುತ್ತದೆ, ಕಲಿಯುವವನು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ. ಟ್ರಾಪಿಕಲ್ ಎಂದು ಗುರುತಿಸಿದ ಲೈನ್‌ಗಳಲ್ಲಿ ನೂಲೂ ಲೇಪವೂ ಗಡುಸಾಗಿರುತ್ತವೆ. ಗ್ರ್ಯಾಂಡ್ ಸ್ಲ್ಯಾಮ್ ಆ ಬಗೆಯದು. ಜೊತೆಗೆ ಅದು ನಿಗದಿತ ಅಳತೆಗಿಂತ ಅರ್ಧ ಅಂಕೆಯಷ್ಟು ಹೆಚ್ಚು ಭಾರವಾಗಿದ್ದು, ಭಾರವೆಲ್ಲ ಮುಂಭಾಗದಲ್ಲೇ ಕೂಡಿಕೊಂಡಿರುವುದರಿಂದ ಹೊಸಬನ ಅರೆಬರೆ ಬೀಸಿಗೂ ರಾಡ್ ಬೇಗ ಬಾಗುತ್ತದೆ. ನುರಿತವರು ಇದನ್ನು ಒರಟು ಎನ್ನಬಹುದು; ಗಾಳಿಯಿಲ್ಲದ ಬೆಳಿಗ್ಗೆ, ತೆಳ್ಳನೆಯ ನೀರಿನಲ್ಲಿ ಅದು ಸ್ವಲ್ಪ ಸದ್ದು ಮಾಡಿಯೇ ಬೀಳುತ್ತದೆ, ನಿಜ. ಆದರೆ ಟ್ಯಾಂಪಾದಲ್ಲಿ ಗಾಳಿಯಿಲ್ಲದ ಬೆಳಿಗ್ಗೆಗಳು ಎಷ್ಟಿವೆ? ನನ್ನ ಬೀಸಿನ ದೂರ ಹೆಚ್ಚಿದ್ದಕ್ಕೆ ಅರ್ಧ ಪಾಲು ಶ್ರೇಯ ಮನೆಯ ಹಿಂದಿನ ಹುಲ್ಲಿನಲ್ಲಿ ಮಾಡಿದ ಅಭ್ಯಾಸಕ್ಕೆ ಸಲ್ಲಬೇಕು, ಉಳಿದರ್ಧ ಈ ಲೈನ್‌ಗೆ.

ರಾಡ್‌ನ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಗುಣ. ನಾಲ್ಕು ತುಂಡುಗಳಲ್ಲಿ ಬರುತ್ತದೆ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಹಿಡಿಯ ಕೆಳಗೆ, ಮೀನು ಎಳೆಯುವಾಗ ಹೊಟ್ಟೆಗೆ ಒತ್ತಿಕೊಳ್ಳಲು ಪುಟ್ಟ ಗುಬಟಿದೆ. ನೂರಾರು ಡಾಲರ್ ಹೆಚ್ಚು ಕೊಟ್ಟರೆ ಸಿಗುವುದು ಕೆಲವು ಗ್ರಾಂ ಹಗುರತನ ಮತ್ತು ಬೀಸಿದ ಮೇಲೆ ತುದಿ ಬೇಗ ನಿಶ್ಚಲವಾಗುವ ಗುಣ. ಇವೆರಡೂ ನಿಜವಾದ ಗುಣಗಳೇ ಆದರೂ ಎಪ್ಪತ್ತು ಅಡಿ ಬೀಸುವವನಿಗೆ ತಿಳಿಯುವಂಥವು, ನಲವತ್ತೈದಕ್ಕೆ ಏದುಸಿರು ಬಿಡುವವನಿಗಲ್ಲ. 25 ವರ್ಷಗಳ ಗ್ಯಾರಂಟಿ ಇರುವುದು ನನ್ನಂಥ ಕಾರಿನ ಬಾಗಿಲು ಜೋರಾಗಿ ಹಾಕುವವರಿಗೆ ಸಮಾಧಾನದ ಸಂಗತಿ. ಅಂಕೆಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ: ಇಲ್ಲಿಯ ಮೀನುಗಳಾದ ರೆಡ್‌ಫಿಶ್, ಸ್ನೂಕ್, ಸೀಟ್ರೌಟ್ ಮೂರಕ್ಕೂ 8 ಸರಿಹೊಂದುತ್ತದೆ. ದೊಡ್ಡ ಟಾರ್ಪನ್‌ನ ಕನಸಿನಲ್ಲಿ 10 ಅಥವಾ 12 ಕೊಂಡವರ ಭುಜ ಒಂದು ಗಂಟೆಯಲ್ಲಿ ಸೋಲುತ್ತದೆ.

ಲಿಕ್ವಿಡ್ ರೀಲ್‌ನ ಚೌಕಟ್ಟು ಅಚ್ಚಿನಲ್ಲಿ ಒತ್ತಿ ಎರಕ ಹೊಯ್ದದ್ದು, ಇಡೀ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದದ್ದಲ್ಲ. ಬೆಲೆ ಇಳಿದದ್ದು ಅಲ್ಲಿ. ಬಂಡೆಯ ಮೇಲೆ ಬಿದ್ದರೆ ಎರಕದ ಚೌಕಟ್ಟು ಬಾಗುವ ಬದಲು ಸೀಳಬಹುದು, ಹಾಗಾಗಿ ಬೀಳಿಸಬಾರದು. ಬೆಲೆ ಇಳಿಯದಿರುವ ಜಾಗ ಡ್ರ್ಯಾಗ್: ಮೀನು ಎಳೆದಾಗ ತಡೆಯೊಡ್ಡುವ ಶಂಕುವಿನಾಕಾರದ ಆ ಭಾಗವನ್ನು ಮುಚ್ಚಿ ಭದ್ರಪಡಿಸಿದ್ದಾರೆ, ಉಪ್ಪೂ ಮರಳೂ ಒಳಹೋಗುವುದಿಲ್ಲ. 8-ವೇಟ್ ಲೈನ್‌ಗೆ 7+ ಎಂಬ ಗಾತ್ರ ಸಾಕು. ನಾನು ಪ್ರತಿ ಸಲ ಮನೆಗೆ ಬಂದ ಕೂಡಲೇ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ಲೈನ್ ಸುತ್ತಿದ ಉರುಳೆಯನ್ನು (ಸ್ಪೂಲ್) ಬಿಚ್ಚಿ, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಇಡುತ್ತೇನೆ. ಕಾರು ತೊಳೆಯುವ ಪೈಪಿನಿಂದ ರಭಸವಾಗಿ ನೀರು ಹೊಡೆಯುವುದು ಒಳ್ಳೆಯದಲ್ಲ, ಹೊರಗಿನ ಉಪ್ಪನ್ನು ಅದು ಸಂದುಗಳ ಒಳಕ್ಕೆ ತಳ್ಳುತ್ತದೆ.

ಉಳಿದವುಗಳಲ್ಲಿ ಧಾರಾಳವಾಗಿ ಉಳಿತಾಯ ಮಾಡಬಹುದು. ಬ್ಯಾಕಿಂಗ್‌ಗೆ 20 ಪೌಂಡ್‌ನ (ಅಷ್ಟು ಎಳೆತ ತಡೆಯುವ) ಡ್ಯಾಕ್ರಾನ್ ದಾರ 150 ಗಜ ಸುತ್ತಿದರೆ ಈ ಮೀನುಗಳಿಗೆ ಬೇಕಾದಷ್ಟಾಯಿತು. ಅಂಗಡಿಯ ಲೀಡರ್‌ಗಳಿಗೆ ದಂಡ ತೆರುವ ಬದಲು 40, 30 ಮತ್ತು 20 ಪೌಂಡ್‌ನ ಸಾಮಾನ್ಯ ಮಾನೋ (ಒಂದೇ ಎಳೆಯ ನೈಲಾನ್) ದಾರದ ಮೂರು ಉರುಳೆ ಕೊಂಡು, ಒಟ್ಟು ಉದ್ದದ ಅರ್ಧದಷ್ಟು 40 ಇರುವಂತೆ ಗಂಟುಹಾಕಿ 9 ಅಡಿ ಮಾಡಿಕೊಳ್ಳುತ್ತೇನೆ. ಸ್ನೂಕ್ ಸಿಗುವ ಜಾಗದಲ್ಲಿ ತುದಿಗೆ ಒಂದು ಗೇಣು 30 ಪೌಂಡ್‌ನ ದಾರ ಬೇಕು, ಅದರ ಕಿವಿರಿನ ಅಂಚು ಬ್ಲೇಡಿನಂತಿದೆ. ಫ್ಲೈಗಳಲ್ಲಿ ಬಿಳಿ-ಗಿಳಿಹಸಿರು ಬಣ್ಣದ ಕ್ಲೌಸರ್, ಒಂದು ಡಿಸೀವರ್, ಒಂದು ಸಿಗಡಿಯಾಕಾರದ್ದು, ತಲಾ ಎರಡೆರಡು ಇದ್ದರೆ ಮೊದಲ ವರ್ಷ ಕಳೆಯುತ್ತದೆ. ನೀರಿನಲ್ಲಿ ನಿಂತಾಗ ಸಡಿಲ ಲೈನ್ ಕಾಲಿಗೂ ಕಡಲಹುಲ್ಲಿಗೂ ಸುತ್ತಿಕೊಳ್ಳದಂತೆ ಸೊಂಟಕ್ಕೆ ಕಟ್ಟುವ ಬುಟ್ಟಿಯನ್ನು ಎಂಬತ್ತು ಡಾಲರ್‌ಗೆ ಮಾರುತ್ತಾರೆ. ನನ್ನದು ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್, ಎರಡು ತೂತು, ಒಂದು ರಬ್ಬರ್ ಹಗ್ಗ. ನೋಡಲು ಚೆನ್ನಾಗಿಲ್ಲವೆಂದು ಮನೆಯವರು ಹೇಳುತ್ತಾರೆ, ಮೀನುಗಳಿಂದ ದೂರು ಬಂದಿಲ್ಲ. ಆದರೆ ಪೋಲರೈಸ್ಡ್ ಕನ್ನಡಕವನ್ನು ಬಿಡುವಂತಿಲ್ಲ: ನೀರಿನೊಳಗಿನ ಮೀನು ಕಾಣುವುದಕ್ಕೂ ಬೇಕು, ಹಿಂದಿನಿಂದ ಹಾರಿಬರುವ ಕೊಕ್ಕೆಯಿಂದ ಕಣ್ಣು ಉಳಿಸಿಕೊಳ್ಳುವುದಕ್ಕೂ ಬೇಕು. ಫ್ಲೋರಿಡಾ ನಿವಾಸಿಗಳಿಗೆ ಉಪ್ಪುನೀರಿನ ವಾರ್ಷಿಕ ಪರವಾನಗಿ 17 ಡಾಲರ್. ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಮರಳಿನಲ್ಲಿ ಹುದುಗಿರುವ ಸ್ಟಿಂಗ್‌ರೇ ಮೀನನ್ನು ತುಳಿಯದಂತೆ ಪಾದ ಎತ್ತದೆ ಉಜ್ಜಿಕೊಂಡು ನಡೆಯುವ ವಿದ್ಯೆಗೆ ಖರ್ಚಿಲ್ಲ.

ಈ ಸೆಟ್‌ಗೆ ನಿಜವಾದ ಪರೀಕ್ಷೆ ಬಂದದ್ದು ನಾನು ಹುಡುಕಿಕೊಂಡು ಹೋಗಿದ್ದ ರೆಡ್‌ಫಿಶ್‌ನಿಂದಲ್ಲ. ಇಳಿತ ಆರಂಭವಾಗಿ, ಹುಲ್ಲಿನ ನಡುವಿನ ಕಾಲುವೆಯಲ್ಲಿ ನೀರು ಹೊರಕ್ಕೆ ಸರಿಯುತ್ತಿತ್ತು. ಕ್ಲೌಸರನ್ನು ಮೂರು ಸಲ ಚಿಕ್ಕದಾಗಿ ಎಳೆದೆ; ನಾಲ್ಕನೆಯದಕ್ಕೆ ಲೈನ್ ಕೈಯಿಂದ ಕಿತ್ತುಕೊಂಡು ಹೋಯಿತು, ಟಬ್‌ನಲ್ಲಿದ್ದ ಸುರುಳಿಯೆಲ್ಲ ಒಂದೇ ಉಸಿರಿಗೆ ಖಾಲಿಯಾಯಿತು, ರೀಲ್ ಸದ್ದು ಮಾಡತೊಡಗಿದಾಗ ಮೀನು ಆಗಲೇ ಎರಡು ಬಾರಿ ನೀರಿನಿಂದ ಮೇಲೆ ಹಾರಿತ್ತು. ಎಲ್ಲೂ ಜಗ್ಗದೆ, ತಡೆಯದೆ ಡ್ರ್ಯಾಗ್ ದಾರ ಬಿಡುತ್ತಾ ಹೋಯಿತು. ಹತ್ತಿರ ತಂದಾಗ ಅದು ಬೆಳ್ಳಿಯ ಬಣ್ಣದ, ಮೊಣಕೈಯುದ್ದದ ಲೇಡಿಫಿಶ್. ಊರಿನವರಿಗೆ ಫೋನಿನಲ್ಲಿ ಹೇಳಿದಾಗ ಬಾಯಲ್ಲಿ ನೀರೂರಿಸಿಕೊಂಡರು, ಏಕೆಂದರೆ ಮಂಗಳೂರಿನ ಹೋಟೆಲುಗಳ ಲೇಡಿಫಿಶ್ ಎಂದರೆ ನಮ್ಮ ಕಾಣೆ, ರವೆ ಹಚ್ಚಿ ಕಾಯಿಸುವ ಕಾಣೆ. ಇಲ್ಲಿಯದು ಹೆಸರಷ್ಟೇ ಒಂದು, ಜಾತಿಯೇ ಬೇರೆ. ಮೈತುಂಬ ಮುಳ್ಳು, ಹೆಚ್ಚಿನವರು ತಿನ್ನುವುದಿಲ್ಲ. ಇಕ್ಕಳದಿಂದ ಕೊಕ್ಕೆ ಬಿಡಿಸಿ ಬಿಟ್ಟೆ.

ಎರಡು ವರ್ಷದ ಈಚೆಗೆ ರಾಡ್‌ನಲ್ಲಿ ಒಂದು ಗೀರು, ರೀಲ್‌ನಲ್ಲಿ ತುಕ್ಕಿಲ್ಲ. ಲೈನ್‌ನ ಮುಂತುದಿಯ ಹತ್ತು ಅಡಿಯಲ್ಲಿ ಮಾತ್ರ ಸಣ್ಣ ಬಿರುಕುಗಳು ಉಗುರಿಗೆ ತಗಲುತ್ತಿವೆ. ಬಿಸಿಲಿಗೂ ಸನ್‌ಸ್ಕ್ರೀನ್ ಮೆತ್ತಿದ ಬೆರಳಿಗೂ ಅದು ಸೋತಿದೆ. ಚಳಿಗಾಲ ಮುಗಿಯುವ ಮುನ್ನ ಅದನ್ನೇ ಇನ್ನೊಂದು ತರಿಸಬೇಕು, ಹಳೆಯದನ್ನು ಹುಲ್ಲಿನ ಮೇಲಿನ ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ.