ಪಿಂಗ್ ಬರ್ತಿಲ್ಲ ಅಂತ ಫೈರ್‌ವಾಲ್ ರೂಲ್ಸ್ ಎಲ್ಲಾ ಅಳಿಸೋಕೆ ಬಿಡಬೇಡಿ

ಆಫೀಸಿನ ಲಿನಕ್ಸ್ ಸರ್ವರ್‌ಗೆ ಒಳಗಿನ ನೆಟ್‌ವರ್ಕ್‌ನಿಂದಲೇ ಪಿಂಗ್ (ಯಂತ್ರ ಉತ್ತರ ಕೊಡುತ್ತಾ ಅಂತ ನೋಡುವ ಚಿಕ್ಕ ಪರೀಕ್ಷೆ) ಹೋಗ್ತಿಲ್ವಾ? "ಒಂದ್ಸಲ ಫ್ಲಷ್ ಮಾಡಿ ನೋಡೋಣ ಸರ್" ಅಂತ ಫೈರ್‌ವಾಲ್ ರೂಲ್ಸ್ ಪೂರ್ತಿ ಅಳಿಸೋಕೆ ಹೊರಟವರ ಕೈಗೆ ರಿಮೋಟ್ ಆಕ್ಸೆಸ್ ಕೊಡುವ ಮುಂಚೆ ಇದನ್ನು ಓದಿ.

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಆಡಿಟರ್ ಆಫೀಸಿನ ಕಥೆ. ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಹಾಕುವ ಕೊನೆಯ ದಿನ. ಫೈಲುಗಳು ತೆರೆಯುತ್ತಿದ್ದವು, ಪಿಂಗ್ ಮಾತ್ರ ರಿಕ್ವೆಸ್ಟ್ ಟೈಮ್ಡ್ ಔಟ್. ಸರ್ವರ್ ಹಾಕಿಕೊಟ್ಟ ಕಂಪನಿಯ ಸಪೋರ್ಟ್ ಹುಡುಗ ರಿಮೋಟ್‌ನಲ್ಲಿ ಬಂದವನೇ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ಫ್ಲಷ್ ಹೊಡೆದ. ಸ್ಕ್ರೀನ್ ಅಲ್ಲೇ ನಿಂತಿತು. "ಸರ್, ನಿಮ್ಮ ಇಂಟರ್ನೆಟ್ ಹೋಯ್ತು ಅನ್ಸುತ್ತೆ" ಅಂದ. ಇಂಟರ್ನೆಟ್ ಸರಿಯಾಗೇ ಇತ್ತು!

ಆಗಿದ್ದು ಇಷ್ಟೆ. ಫ್ಲಷ್ ಮಾಡಿದರೆ ರೂಲ್ಸ್ ಹೋಗುತ್ತವೆ, ಚೈನ್‌ನ (ರೂಲ್‌ಗಳ ಸಾಲಿನ) ಡೀಫಾಲ್ಟ್ ಪಾಲಿಸಿ, ಅಂದರೆ ಯಾವ ರೂಲೂ ಹೊಂದದಿದ್ದಾಗ ಏನು ಮಾಡಬೇಕು ಅನ್ನುವುದು, ಹಾಗೇ ಉಳಿಯುತ್ತದೆ. ಅಲ್ಲಿ ಇನ್‌ಪುಟ್ (ಒಳಬರುವ ಪ್ಯಾಕೆಟ್‌ಗಳ) ಪಾಲಿಸಿ ಡ್ರಾಪ್ (ಬಿಸಾಡು) ಆಗಿತ್ತು. ಬಿಡು ಅನ್ನುವ ರೂಲ್‌ಗಳೆಲ್ಲ ಅಳಿಸಿಹೋದ ಮೇಲೆ ಅವನ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಬರುವ ದಾರಿ) ಕೂಡ ಬಂದ್, ಫೈಲ್ ಶೇರಿಂಗೂ ಬಂದ್. ಆ ಸರ್ವರ್‌ಗೆ ಮಾನಿಟರ್ ಇರಲಿಲ್ಲ. ರಿಸೆಪ್ಶನ್‌ನಿಂದ ಒಂದನ್ನು ಕಿತ್ತು ತಂದು, ಕೀಬೋರ್ಡ್ ಚುಚ್ಚಿ, ಸೇವ್ ಆಗಿದ್ದ ಹಳೆಯ ರೂಲ್ಸ್ ವಾಪಸ್ ಲೋಡ್ ಮಾಡಬೇಕಾಯಿತು. ಅಷ್ಟೂ ಹೊತ್ತು ಆಫೀಸಿಗೆ ಆಫೀಸೇ ಕೈಕಟ್ಟಿ ಕೂತಿತ್ತು.

ಆಮೇಲೆ, ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ ನೋಡಿದೆವು. ಎಕೋ ರಿಕ್ವೆಸ್ಟ್ (ಪಿಂಗ್ ಕಳಿಸುವ ಪ್ಯಾಕೆಟ್) ಸರ್ವರ್‌ವರೆಗೂ ಬರುತ್ತಿದೆ, ರಿಪ್ಲೈ ಹೊರಡುತ್ತಿಲ್ಲ. ಟಿಸಿಪಿಡಂಪ್ ಒಳಬರುವ ಪ್ಯಾಕೆಟ್ಟನ್ನು ಫೈರ್‌ವಾಲ್‌ಗಿಂತ ಮೊದಲೇ ಹಿಡಿಯುತ್ತದೆ. ಹಾಗಾಗಿ ಕೇಬಲ್, ಸ್ವಿಚ್ ಮೇಲೆ ಅನುಮಾನ ಪಡುವುದು ಬೇಡ, ಒಳಗೇ ಯಾವುದೋ ರೂಲ್ ನುಂಗುತ್ತಿದೆ. ಲೈನ್ ನಂಬರ್ ಮತ್ತು ಕೌಂಟರ್ ಸಮೇತ ಪಟ್ಟಿ ತೆಗೆದಾಗ ಸಿಕ್ಕಿಬಿತ್ತು. 3ನೇ ಸಾಲಿನಲ್ಲಿ ಐಸಿಎಂಪಿ (ಪಿಂಗ್ ಮತ್ತು ನೆಟ್‌ವರ್ಕ್ ದೋಷದ ಸಂದೇಶಗಳು ಓಡಾಡುವ ಪ್ರೋಟೋಕಾಲ್) ಪೂರ್ತಿ ಡ್ರಾಪ್. ಕೊನೆಯ ಸಾಲಿನಲ್ಲಿ ಒಳಗಿನ ನೆಟ್‌ವರ್ಕ್‌ಗೆ (192.168.10.0/24) ಪಿಂಗ್ ಅಲೋ, ಪ್ಯಾಕೆಟ್ ಕೌಂಟರ್ ಸೊನ್ನೆ. ಐಪಿಟೇಬಲ್ಸ್ ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಅಪೆಂಡ್ ಮಾಡಿದ (ಕೊನೆಗೆ ಸೇರಿಸಿದ) ರೂಲ್ ಡ್ರಾಪ್‌ನ ಕೆಳಗೆ ಸುಮ್ನೆ ಬಿದ್ದಿತ್ತು. ಮೇಲೆ ಇನ್ಸರ್ಟ್ ಮಾಡಿದ್ದೇ ತಡ, ಪಿಂಗ್ ಬಂತು.

ಆದರೆ ಆ 3ನೇ ಸಾಲೂ ಹೋಗಲೇಬೇಕಿತ್ತು. ಬ್ರಾಂಚಿನವರು ವಿಪಿಎನ್‌ನಲ್ಲಿ ಲಾಗಿನ್ ಆಗುತ್ತಿದ್ದರು, ಚಿಕ್ಕ ಫೈಲು ಬರುತ್ತಿತ್ತು, ದೊಡ್ಡ ಪಿಡಿಎಫ್ ಅರ್ಧಕ್ಕೇ ನಿಲ್ಲುತ್ತಿತ್ತು. ದಾರಿಯಲ್ಲಿರುವ ರೌಟರ್ "ಪ್ಯಾಕೆಟ್ ದೊಡ್ಡದಾಯ್ತು, ಚಿಕ್ಕದು ಮಾಡಿ ಕಳಿಸು" ಅಂತ ಹೇಳುವುದು ಐಸಿಎಂಪಿಯಲ್ಲೇ, ಟೈಪ್ 3 ಕೋಡ್ 4ರಲ್ಲಿ. 1990ರಿಂದ ಇರುವ ವ್ಯವಸ್ಥೆ ಇದು. ಸೆಕ್ಯುರಿಟಿ ಅಂತ ಐಸಿಎಂಪಿಯನ್ನು ಪೂರ್ತಿ ಮುಚ್ಚಿದವರು ಈ ಮಾತನ್ನೂ ಮುಚ್ಚಿದ್ದರು. ಹೊರಗಿನವರಿಗೆ ಪಿಂಗ್ ಬೇಡವಾದರೆ ಟೈಪ್ 8 (ಎಕೋ ರಿಕ್ವೆಸ್ಟ್) ಒಂದನ್ನು ತಡೆದರೆ ಸಾಕಲ್ವಾ?

ಡೆಬಿಯನ್, ಉಬುಂಟುನಲ್ಲಿ ಐಪಿಟೇಬಲ್ಸ್-ಅಪ್ಲೈ ಅಂತ ಒಂದಿದೆ. ಹೊಸ ರೂಲ್ಸ್ ಹಾಕಿ, ಸರಿಯಿದೆಯಾ ಅಂತ ಕೇಳುತ್ತದೆ; ನೀವು ಹೊರಗೆ ಬಿದ್ದು ಉತ್ತರ ಕೊಡದಿದ್ದರೆ ಹಳೆಯದಕ್ಕೆ ತಾನೇ ಮರಳುತ್ತದೆ. ದೂರದಿಂದ ಕೈಹಾಕುವವರಿಗೆ ಇದನ್ನೇ ಬಳಸಿ ಅಂತ ಹೇಳಿ.

ವಿಂಡೋಸ್ ಪಿಸಿಗೆ ಪಿಂಗ್ ಹೋಗದಿದ್ದರೂ ಡಿಫೆಂಡರ್ ಫೈರ್‌ವಾಲ್ ಆಫ್ ಮಾಡಬೇಡಿ. ಎಕೋ ರಿಕ್ವೆಸ್ಟ್ ರೂಲ್ ಆನ್ ಇದ್ದರೂ, ಪ್ರೈವೇಟ್ ಪ್ರೊಫೈಲ್‌ನಲ್ಲಿ ಅದರ ಸ್ಕೋಪ್ (ಯಾರಿಂದ ಬಂದರೆ ಒಪ್ಪಬೇಕು ಅನ್ನುವುದು) ಲೋಕಲ್ ಸಬ್‌ನೆಟ್‌ಗೆ, ಅಂದರೆ ಅದೇ ನೆಟ್‌ವರ್ಕ್‌ನ ಯಂತ್ರಗಳಿಗೆ ಮಾತ್ರ ಇರುತ್ತದೆ. ಬೇರೆ ವಿಲ್ಯಾನ್‌ನಿಂದ (ಬೇರ್ಪಡಿಸಿದ ನೆಟ್‌ವರ್ಕ್ ಭಾಗದಿಂದ) ಪಿಂಗ್ ಬೇಕಿದ್ದರೆ ಆ ರೇಂಜನ್ನು ಸ್ಕೋಪ್‌ನಲ್ಲಿ ಸೇರಿಸಿ.