ನಮ್ಮನೆ ಕೇರಂ ಬೋರ್ಡ್: ಮೂರು ಬೇಸಿಗೆ ರಜೆ ಆಡಿದ ಮೇಲೆ

2023ರ ಏಪ್ರಿಲ್‌ನಲ್ಲಿ ತಂದ ಬೋರ್ಡ್ ಇದು. ಅದಕ್ಕೂ ಮುಂಚೆ 20 ಇಂಚಿನ ಚಿಕ್ಕದೊಂದು ಇತ್ತು. ಅದು ಸುಮ್ನೆ ದುಡ್ಡು ದಂಡ. ಜೋರಾಗಿ ಒಂದು ಹೊಡೆದರೆ ಕಾಯಿ ಚೌಕಟ್ಟು ಹಾರಿ ಮಂಚದ ಕೆಳಗೆ.

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಅಣ್ಣನ ಮಕ್ಕಳಿಬ್ಬರು, ಕಡೂರಿನಿಂದ ತಂಗಿ ಮಗ ಚಿಕ್ಕಮಗಳೂರಿನ ನಮ್ಮನೆಗೆ ಬರುತ್ತಾರೆ. ನಮ್ಮವು ಎರಡು. ಒಂದು ದಿನ ಮುಳ್ಳಯ್ಯನಗಿರಿ ತೋರಿಸಿದ್ದಾಯಿತು, ಇನ್ನೊಂದು ದಿನ ಕಲ್ಹತ್ತಿಗಿರಿ. ಮೂರನೇ ದಿನ ಬೆಳಗ್ಗೆ "ಅತ್ತೆ, ಬೋರು" ಶುರು. ಐದು ಜನಕ್ಕೆ ಎರಡು ಮೊಬೈಲು, ಅದಕ್ಕೊಂದು ಜಗಳ. ಆಗ ತಂದದ್ದು ದೊಡ್ಡ ಬೋರ್ಡ್. ಆಡುವ ಜಾಗವೇ 29 ಇಂಚು. 2,600 ರೂಪಾಯಿ ಕೊಟ್ಟೆ. ಜಾಸ್ತಿ ಅನ್ನಿಸಿತ್ತು.

ಈಗ ಅನ್ನಿಸುವುದಿಲ್ಲ. ಭರಣಿ ಮಳೆ ಗುಡುಗಿದರೆ ಸಾಕು, ನಮ್ಮ ಕಡೆ ಕರೆಂಟು ಹೋಗುತ್ತದೆ. ಟಿವಿ ಇಲ್ಲ, ವೈಫೈ ಇಲ್ಲ. ಎಮರ್ಜೆನ್ಸಿ ಲೈಟನ್ನು ಸ್ಟೂಲಿನ ಮೇಲಿಟ್ಟು ರಾತ್ರಿ ಒಂಬತ್ತೂವರೆವರೆಗೆ ಆಡುತ್ತಾರೆ. ಊಟಕ್ಕೆ ನಾಲ್ಕು ಸಲ ಕರೆಯಬೇಕು, ಅದೊಂದು ಕಷ್ಟ.

ನಮ್ಮ ಮಾವನಿಗೆ 74. ರಜೆಯಲ್ಲಿ ಮಕ್ಕಳ ಗಲಾಟೆಗೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದವರು ಈಗ ತಾವೇ ಬೋರ್ಡ್ ಒರೆಸಿ ಇಟ್ಟಿರುತ್ತಾರೆ. ರೆಡ್‌ಗೆ ಎಷ್ಟು ಪಾಯಿಂಟು ಅನ್ನುವ ಜಗಳ ಮೂರು ವರ್ಷದಿಂದ ನಡೆದಿದೆ. ಮಾವ ನಿಯಮದ ಪ್ರಕಾರ 3 ಅನ್ನುತ್ತಾರೆ. ಮಕ್ಕಳದ್ದು ಬೀದಿ ಲೆಕ್ಕ, 50. "ತಾತ, ನಿಮಗೆ ಬೀಳದೇ ಇದ್ದಾಗ ಮಾತ್ರ 3 ಅಂತೀರಾ" ಎಂದು ತಂಗಿ ಮಗ ಹೇಳಿದ್ದು ನಿಜ ಕೂಡ.

ಇನ್ನು ತೊಂದರೆ. ಮೊದಲ ಮಳೆಗಾಲ ಬೋರ್ಡನ್ನು ಹೊರಗೋಡೆಗೆ ಒರಗಿಸಿ ಇಟ್ಟಿದ್ದೆ. ದಸರಾ ರಜೆಗೆ ತೆಗೆದರೆ ಮೂಲೆಗೆ ಹೋಗಬೇಕಾದ ಕಾಯಿ ನಡುವಿಗೆ ವಾಲುತ್ತಿದೆ! ಮಾವ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರು. ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಮುಂದೆ ಪಾಲಿಶ್ ಇರುತ್ತದೆ, ಹಿಂದೆ ಬರೀ ಪ್ಲೈವುಡ್. ಗೋಡೆಯ ತೇವವನ್ನೆಲ್ಲ ಹಿಂಭಾಗ ಕುಡಿದು ಉಬ್ಬಿತ್ತು. ಅಂಗಡಿಯವರು "ನಿಮ್ಮೂರ ಮಳೆಗೆ ನಾವೇನು ಮಾಡೋಣ ಮೇಡಂ" ಅಂದುಬಿಟ್ಟರು. ಅವರ ಊರೂ ಇದೇ ಅಲ್ವಾ! ಕೊನೆಗೆ ಬಡಗಿಯೊಬ್ಬರು ಹಿಂದೆ ಎರಡು ರೀಪರ್ ಪಟ್ಟಿ ಹೊಡೆದು ವಾರ್ನಿಷ್ ಬಳಿದುಕೊಟ್ಟರು, 350 ರೂಪಾಯಿ. ಪೂರ್ತಿ ಸರಿಹೋಗಿಲ್ಲ, ಆಡಲು ಅಡ್ಡಿಯಿಲ್ಲ. ಈಗ ಮಳೆಗಾಲವಿಡೀ ಅಡುಗೆಮನೆ ಅಟ್ಟದ ಮೇಲೆ ಹಳೆ ಬೆಡ್‌ಶೀಟ್ ಸುತ್ತಿ ಮಲಗಿಸಿ ಇಡುತ್ತೇವೆ. ಆಮೇಲೆ ಬಾಗಿಲ್ಲ.

ಪೌಡರ್ ವಿಷಯದಲ್ಲಿ ಹುಷಾರು. ಬೋರಿಕ್ ಪೌಡರ್ ಹೊಟ್ಟೆಗೆ ಹೋದರೆ ವಿಷ. ನಮ್ಮ ಚಿಕ್ಕವನಿಗೆ ಆಗ ಮೂರು ವರ್ಷ, ಬೆರಳು ಅದ್ದಿ ಬಾಯಿಗಿಡಲು ಹೊರಟಿದ್ದ. ಅಂದಿನಿಂದ ಡಬ್ಬಿ ಮೇಲಿನ ಶೆಲ್ಫಿನಲ್ಲಿ, ಕೊಡುವುದು ಮಾವ ಮಾತ್ರ. ಮುಖಕ್ಕೆ ಹಚ್ಚುವ ಪೌಡರ್ ಹಾಕಿಯೂ ನೋಡಿದೆವು. ಮಳೆ ಹಿಡಿದ ದಿನ ಅಂಟಂಟು.

ಜೊತೆಗೆ ಬಂದ ಸ್ಟ್ರೈಕರ್ ತೀರಾ ಹಗುರ, ಬೇರೆ ಕೊಳ್ಳಿ. ನಿಯಮದಲ್ಲಿ 15 ಗ್ರಾಂವರೆಗೆ ಅವಕಾಶವಿದೆ. ಐದು ಮಕ್ಕಳಿದ್ದರೆ ಒಬ್ಬರು ಹೊರಗೆ ಕೂರಬೇಕು ಅನ್ನುವುದೂ ನೆನಪಿರಲಿ. ಚಿಕ್ಕವನಿಗೆ ನಾವು ಪಾಕೆಟ್ಟಿನಿಂದ ಕಾಯಿ ತೆಗೆಯುವ ಕೆಲಸ ಕೊಟ್ಟೆವು. 19 ಕಾಯಿಯಲ್ಲಿ ಒಂದು ಕಪ್ಪು ಎಲ್ಲಿ ಹೋಯಿತು ಎಂದು ಅವನಿಗೇ ಗೊತ್ತು. ಅದರ ಜಾಗದಲ್ಲಿ ಈಗ ಮಾವನ ಹಳೆ ಕೋಟಿನ ಗುಂಡಿ ಆಡುತ್ತಿದೆ.